ಕಲ್ಲಿನ ತುಂಬ ಕಂದು ಅನಿಮೋನ್, ಅದರ ಮೇಲೆ ಕೂದಲು ಪಾಚಿ. ಕುದಿಸಿಬಿಡಲಾ?

ಹುಬ್ಬಳ್ಳಿ, ವಿದ್ಯಾನಗರ

ಎಲ್ಲರಿಗೂ ನಮಸ್ಕಾರ. ನನ್ನದು ಮೂರಡಿಯ ಉಪ್ಪುನೀರಿನ ಟ್ಯಾಂಕ್. ಕಲ್ಲು, ಮರಳು ಬಿಟ್ಟು ನೀರು 150 ಲೀಟರ್ ಹಿಡಿಯುತ್ತದೆ. ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನು, ಎರಡು ಕಲ್ಲಿನ ಮೇಲೆ ಜೊಯಾಂಥಿಡ್ (ಗುಂಡಿಯಂತೆ ಕಾಣುವ, ಹವಳದಂಥ ಜೀವಿ) ಇವೆ. ಶಿವರಾತ್ರಿ ತನಕ ಎಲ್ಲ ಚೆನ್ನಾಗಿತ್ತು. ಈಗ ಏಪ್ರಿಲ್‌ನಲ್ಲಿ ನೋಡಿದರೆ ಕಲ್ಲೇ ಕಾಣುವುದಿಲ್ಲ, ಬೆರಳುದ್ದ ಹಸಿರು ಪಾಚಿ. ಅದರ ನಡುವೆ ಕಂದು ಬಣ್ಣದ ಪುಟ್ಟ ಅನಿಮೋನ್, ಹೂವಿನ ಹಾಗೆ ಎಳೆ ಬಿಚ್ಚಿಕೊಂಡು ಕೂರುವ ಜೀವಿ. ಮೊದಲು ಒಂದೇ ಇತ್ತು, ಚೆಂದ ಇದೆ ಅಂತ ಸುಮ್ನೆ ಬಿಟ್ಟೆ. ಪಕ್ಕದ ಜೊಯಾಂಥಿಡ್ ಮುಚ್ಚಿಕೊಂಡು ಕೂತ ಮೇಲೆ ಹೆದರಿ ಬ್ಲೇಡಿನಿಂದ ಕೆರೆದು ತೆಗೆದೆ. ಎರಡು ವಾರ ಆಗಿಲ್ಲ, ಅದೇ ಜಾಗದಲ್ಲಿ ಏಳು ಎದ್ದಿವೆ! ಪಾಚಿಗೆ ಗೊಬ್ಬರವಾಗುವ ನೈಟ್ರೇಟ್ ಟೆಸ್ಟ್ ಮಾಡಿದರೆ ಸೊನ್ನೆ. ನೀರು ಸರಿ ಇದ್ದರೂ ಹೀಗ್ಯಾಕೆ? ಕಲ್ಲು ಹೊರಗೆ ತೆಗೆದು ದೊಡ್ಡ ಪಾತ್ರೆಯಲ್ಲಿ ಕುದಿಸಿಬಿಡಲಾ?

ಧಾರವಾಡ

ಕುದಿಸಬೇಡ ತಮ್ಮಾ, ಮಿಕ್ಕಿದ್ದನ್ನು ಆಮೇಲೆ ಓದು. ಜೊಯಾಂಥಿಡ್‌ಗಳಲ್ಲಿ, ಅದರಲ್ಲೂ ಪಾಲಿಥೋವಾ ಜಾತಿಯಲ್ಲಿ, ಪಾಲಿಟಾಕ್ಸಿನ್ ಅನ್ನುವ ವಿಷ ಇರಬಹುದು. ಅವು ಇದ್ದ ಕಲ್ಲು ಕುದಿಸಿ, ಆ ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದು ಬೇರೆ ದೇಶಗಳಲ್ಲಿ ಆಗಿದೆ. ಬಿಸಿನೀರು ಸುರಿದು ಬ್ರಷ್ ಹಾಕಿ ಉಜ್ಜುವುದೂ ಬೇಡ. ಆ ಕಲ್ಲು ಮುಟ್ಟುವಾಗ ಗ್ಲೌಸ್ ಹಾಕಿಕೋ, ಕೈಗೆ ಗಾಯ ಇದ್ದರೆ ಮುಟ್ಟಲೇಬೇಡ.

ಇನ್ನು ನಿನ್ನ ಕಂದು ಅನಿಮೋನ್. ಅದು ಐಪ್ಟೇಸಿಯಾ. ಅದರ ಪಾದದ ಒಂದು ಚೂರು ಕಲ್ಲಿನಲ್ಲಿ ಉಳಿದರೂ ಅದೇ ಹೊಸದಾಗಿ ಬೆಳೆಯುತ್ತದೆ. ನೀನು ಕೆರೆದು ತೆಗೆದೆ ಅಂದುಕೊಂಡೆ, ಆದರೆ ಅದು ಬಿತ್ತನೆ ಮಾಡಿದ ಹಾಗಾಯಿತು. ಸಿಟ್ಟಿನಲ್ಲಿ ನಾನೂ ಇದೇ ಮಾಡಿದ್ದೆ, ಆಮೇಲೆ ಒಂದು ವರ್ಷ ಒದ್ದಾಡಿದೆ.

ನನಗೆ ಕೆಲಸ ಮಾಡಿದ್ದು ಸುಣ್ಣ. ಅಂದರೆ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಎಲೆ ಅಡಿಕೆಯ ಸುಣ್ಣ ಹಾಕಬೇಡ, ಅದರಲ್ಲಿ ಏನೇನು ಸೇರಿದೆಯೋ ಗೊತ್ತಾಗುವುದಿಲ್ಲ. ಪುಡಿಗೆ ಸ್ವಲ್ಪ ಆರ್‌ಒ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಸಿರಿಂಜಿಗೆ ತುಂಬು. ಪಂಪ್‌ಗಳೆಲ್ಲ ಬಂದ್ ಇರಲಿ. ಸೂಜಿಯ ತುದಿ ಅದಕ್ಕೆ ತಾಗಿದರೆ ಸರಕ್ಕನೆ ತೂತಿನೊಳಗೆ ಹೋಗಿಬಿಡುತ್ತದೆ, ಅದಕ್ಕೇ ಮುಟ್ಟದೆ ಬಾಯಿಯ ಮೇಲೆ ನಿಧಾನ ಬಿಡು. ತಿನ್ನಲು ಏನೋ ಬಂತು ಅಂತ ಎಳೆಗಳನ್ನು ಒಳಗೆ ಮಡಚಿ ನುಂಗುತ್ತದೆ. ಆಗ ಇನ್ನಷ್ಟು ಹಾಕಿ ತೂತನ್ನೇ ಮುಚ್ಚು. 20 ನಿಮಿಷ ಬಿಟ್ಟು ಪಂಪ್ ಹಾಕು. ಸುಣ್ಣ ನೀರಿನ ಪಿಎಚ್ ಏರಿಸುತ್ತದೆ, ನಿನ್ನ ಟ್ಯಾಂಕಿನಲ್ಲಿ ದಿನಕ್ಕೆ ಮೂರು ನಾಲ್ಕು ಐಪ್ಟೇಸಿಯಾಗೆ ಹಾಕಿದರೆ ಸಾಕು. ಕನ್ನಡಕ ಹಾಕಿಕೋ, ಕಣ್ಣಿಗೆ ಸಿಡಿದರೆ ಕಷ್ಟ.

ಗದಗ

ಅಕ್ಕ ಹೇಳಿದ್ದು ಸರಿ. ಆದರೆ ಸರ್, ಸುಣ್ಣದಿಂದ ಪಾಚಿ ಹೋಗುವುದಿಲ್ಲ. ಕೆಲವು ವಿಷಯ ಹೇಳಿ. ದಿನಾ ಎಷ್ಟು ನೀರು ಆವಿಯಾಗುತ್ತದೆ? ಅದರ ಬದಲಿಗೆ ಏನು ಹಾಕುತ್ತೀರಿ? ಲೈಟ್ ಎಷ್ಟು ಗಂಟೆ? ಮೀನಿಗೆ ಊಟ ಏನು?

ಹುಬ್ಬಳ್ಳಿ, ವಿದ್ಯಾನಗರ

ಈಗ ಸೆಕೆ ಅಲ್ವಾ, ಫ್ಯಾನ್ ಹಾಕಿದ್ದೇನೆ. ದಿನಕ್ಕೆ ಎರಡು ಲೀಟರ್ ಆದರೂ ಹೋಗುತ್ತದೆ. ಅಡುಗೆಮನೆಯ ಆರ್‌ಒ ನೀರೇ ಹಾಕುತ್ತೇನೆ. ನೀವು ಕೇಳಿದಿರಿ ಅಂತ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ) ಅಳೆಯುವ ಪೆನ್ ಹಾಕಿ ನೋಡಿದೆ, 95 ತೋರಿಸಿತು. ಲೈಟ್ 12 ಗಂಟೆ. ಊಟಕ್ಕೆ ಫ್ರೋಜನ್ ಬ್ರೈನ್ ಶ್ರಿಂಪ್ (ಮಂಜುಗಟ್ಟಿಸಿದ ಪುಟ್ಟ ಸೀಗಡಿ), ದಿನಕ್ಕೆ ಒಂದು ಕ್ಯೂಬ್ ಹಾಗೇ ಹಾಕುತ್ತೇನೆ.

ಗದಗ

ಸಿಕ್ಕಿತು ನೋಡಿ. ಮನೆಯ ಆರ್‌ಒ ಮೆಷಿನ್‌ಗಳಲ್ಲಿ ರುಚಿಗೆ ಅಂತ ಸ್ವಲ್ಪ ಹಸಿ ನೀರು ಬೆರೆಸುವ ಟಿಡಿಎಸ್ ಕಂಟ್ರೋಲರ್ ಇರುತ್ತದೆ. ಕುಡಿಯಲು ಒಳ್ಳೆಯದೇ. ಟ್ಯಾಂಕಿಗೆ ಅಲ್ಲ. ದಿನಕ್ಕೆ ಎರಡು ಲೀಟರ್ ಅಂದರೆ ತಿಂಗಳಿಗೆ 60 ಲೀಟರ್. ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿ ಬಂದದ್ದೆಲ್ಲ ಒಳಗೇ ಉಳಿಯುತ್ತದೆ. ಗಾಣದಲ್ಲಿ ಕಬ್ಬಿನ ಹಾಲು ಕಾಸಿದ ಹಾಗೆ, ದಿನದಿಂದ ದಿನಕ್ಕೆ ಗಟ್ಟಿ. ಬೇಸಿಗೆಯಲ್ಲೇ ಪಾಚಿ ಹೆಚ್ಚಿದ್ದಕ್ಕೆ ಇದೂ ಒಂದು ಕಾರಣ. ಮೆಷಿನ್ ನಂತರ, ಉಳಿದ ಲವಣ ಹಿಡಿದುಕೊಳ್ಳುವ ಒಂದು ಡಿಐ ರೆಸಿನ್ ಡಬ್ಬಿ ಕೂಡಿಸಿ, ಪೆನ್‌ನಲ್ಲಿ 0 ಬರಬೇಕು. 2, 3 ತೋರಿಸಲು ಶುರುವಾದರೆ ರೆಸಿನ್ ಮುಗಿದಿದೆ ಅಂತ.

ನೈಟ್ರೇಟ್ ಸೊನ್ನೆ ಅಂದಿರಲ್ಲ, ಅದನ್ನು ನಂಬಬೇಡಿ. ಬಂದದ್ದನ್ನೆಲ್ಲ ಪಾಚಿ ತಿಂದು ಕೂತಿದೆ, ನೀರಿನಲ್ಲಿ ಉಳಿದರೆ ತಾನೆ ಟೆಸ್ಟಿಗೆ ಸಿಗುವುದು? ಫಾಸ್ಫೇಟ್ ಟೆಸ್ಟ್ ಕೂಡ ಮಾಡಿ, ಅದೂ ಪಾಚಿಗೆ ಗೊಬ್ಬರವೇ. 0.03ರಿಂದ 0.1 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಒಳಗೆ ಇದ್ದರೆ ಸಾಕು. ಹೆಚ್ಚಿದ್ದರೆ ಜಿಎಫ್‌ಒ (ಫಾಸ್ಫೇಟ್ ಹಿಡಿದುಕೊಳ್ಳುವ ಕಬ್ಬಿಣದ ಆಕ್ಸೈಡ್ ಹರಳು) ಸ್ವಲ್ಪ ಸ್ವಲ್ಪವೇ ಹಾಕಿ. ಒಂದೇ ಸಲ ಜಾಸ್ತಿ ಹಾಕಿ ನೈಟ್ರೇಟ್ ಜೊತೆ ಫಾಸ್ಫೇಟ್ ಕೂಡ ಸೊನ್ನೆಗೆ ಇಳಿದರೆ ಡೈನೋ (ಕಂದು ಲೋಳೆಯಂತೆ ಹರಡುವ ಸೂಕ್ಷ್ಮಜೀವಿ) ಬರಬಹುದು, ಅದು ಕೂದಲು ಪಾಚಿಗಿಂತ ಕೆಟ್ಟದ್ದು.

ಕ್ಯೂಬ್ ಕರಗಿಸಿ, ಚಹಾ ಸೋಸುವ ಜರಡಿಯಲ್ಲಿ ಸೋಸಿ ಹಾಕಿ. ಎರಡು ಕ್ಲೌನ್, ಒಂದು ಗೋಬಿಗೆ ಅರ್ಧ ಸಾಕು. ಲೈಟ್ 8 ಗಂಟೆ. ಪಾಚಿ ಕೈಯಿಂದಲೇ ಕೀಳಿ, ಕಿತ್ತದ್ದು ಒಳಗೆ ಬೀಳದ ಹಾಗೆ ಪೈಪಿನಲ್ಲಿ ಎಳೆದು ಹೊರಗೆ ಹಾಕಿ. ಇದು ಬೇಸರದ ಕೆಲಸ, ಆದರೂ ಬಸವನ ಹುಳು ತಂದು ಬಿಟ್ಟರೆ ಆಯಿತು ಅಂದುಕೊಳ್ಳಬೇಡಿ. ಟರ್ಬೊ, ಟ್ರೋಕಸ್ ಜಾತಿಯ ಹುಳುಗಳು ಚಿಕ್ಕ ಪಾಚಿ ಮೇಯುತ್ತವೆ, ಬೆರಳುದ್ದದ್ದನ್ನು ಅಷ್ಟಾಗಿ ಮುಟ್ಟುವುದಿಲ್ಲ.

ಹಾವೇರಿ

ನಡುವೆ ಒಂದು ಪ್ರಶ್ನೆ. ಕಾರವಾರದಿಂದ ಸಮುದ್ರದ ನೀರನ್ನೇ ಕ್ಯಾನಿನಲ್ಲಿ ತಂದರೆ ಈ ತೊಂದರೆ ಇರುವುದಿಲ್ಲ ಅಲ್ವಾ? ಒಂದೆರಡು ಕಲ್ಲು ಕೂಡ ತರಬಹುದು.

ಧಾರವಾಡ

ಬೇಡ್ರಿ. ದಡದ ನೀರಿಗೆ ಊರಿನ ಕೊಳೆ ಸೇರುತ್ತದೆ. ಮಳೆಗಾಲದಲ್ಲಿ ಕಾಳಿ ನದಿ ತುಂಬಿ ಬಂದರೆ ಉಪ್ಪೂ ಇಳಿಯುತ್ತದೆ. ಉಪ್ಪು ಕಲಸಿ ಸಾಪೇಕ್ಷ ಸಾಂದ್ರತೆ 1.025ಕ್ಕೆ ತಂದ ನೀರಿನ ಭರವಸೆ ಅದಕ್ಕಿಲ್ಲ. ಕಲ್ಲಿನ ಮಾತು ಬಿಟ್ಟೇಬಿಡಿ, ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಹುಬ್ಬಳ್ಳಿ ತಮ್ಮಾ, ಸೂಜಿ ಹೋಗದ ಸಂದಿಗಳಿಗೆ ಎರಡು ಪೆಪರ್‌ಮಿಂಟ್ ಸೀಗಡಿ ತಂದು ಬಿಡು. ತರುವಾಗ ಸರಿಯಾಗಿ ನೋಡು. ಕ್ಯಾಮಲ್ ಸೀಗಡಿ ನೋಡಲು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಬೆನ್ನು ಗೂನು, ಮೈಮೇಲೆ ಬಿಳಿ ಪಟ್ಟಿ ಎದ್ದು ಕಾಣುತ್ತದೆ. ಅದು ಜೊಯಾಂಥಿಡ್‌ಗೇ ಬಾಯಿ ಹಾಕುತ್ತದೆ. ಪೆಪರ್‌ಮಿಂಟ್ ಸಣ್ಣ ಐಪ್ಟೇಸಿಯಾ ಮಾತ್ರ ತಿನ್ನುತ್ತದೆ, ದೊಡ್ಡದಕ್ಕೆ ಸುಣ್ಣವೇ ಗತಿ. ಟ್ಯಾಂಕಿಗೆ ಹಿಂದೆ ತಾಮ್ರದ ಔಷಧ ಹಾಕಿದ್ದರೆ ಮೊದಲೇ ಹೇಳು, ಸೀಗಡಿ ಉಳಿಯುವುದಿಲ್ಲ.

ಹುಬ್ಬಳ್ಳಿ, ವಿದ್ಯಾನಗರ

ಜೂನ್ ಕೊನೆ. ಅಕ್ಕಾ, ಸರ್, ಹೇಗಾಯಿತು ಅಂತ ತಿಳಿಸಬೇಕು ಅನಿಸಿತು. ತಾಮ್ರ ಎಂದೂ ಹಾಕಿರಲಿಲ್ಲ. ಡಿಐ ಡಬ್ಬಿ ಹಾಕಿದ ಮೇಲೆ ಪೆನ್ 0. ಫಾಸ್ಫೇಟ್ ಮೊದಲ ಸಲ 0.4 ಇತ್ತು, ಈಗ 0.08. ಪ್ರತಿ ಭಾನುವಾರ 15 ಲೀಟರ್ ಬದಲಿಸಿ ಪಾಚಿ ಕೀಳುತ್ತಾ ಬಂದೆ. ಮೊದಲ ಮೂರು ವಾರ ಏನೂ ಕಾಣಲಿಲ್ಲ, ಕಿತ್ತಷ್ಟೂ ಬರುತ್ತಿತ್ತು. ನಾಲ್ಕನೇ ವಾರ ಬುಡ ಬೆಳ್ಳಗಾಗಿ ಎಳೆದರೆ ಸುಲಭವಾಗಿ ಬಂತು. ಈಗ ಕಲ್ಲಿನ ನೇರಳೆ ಬಣ್ಣ ಮತ್ತೆ ಕಾಣುತ್ತಿದೆ.

ಏಳರಲ್ಲಿ ಐದು ಸುಣ್ಣಕ್ಕೆ ಹೋದವು. ಒಂದು ಮತ್ತೆ ಎದ್ದಿತ್ತು, ಎರಡನೇ ಸಲ ಹಾಕಿದೆ. ಉಳಿದ ಎರಡು ಕಲ್ಲಿನ ಅಡಿಯಲ್ಲಿವೆ, ಸೂಜಿ ಮುಟ್ಟುವುದಿಲ್ಲ. ನಿನ್ನೆ ರಾತ್ರಿ ಲೈಟ್ ಆರಿದ ಮೇಲೆ ಟಾರ್ಚಿಗೆ ಕೆಂಪು ಹಾಳೆ ಸುತ್ತಿ ನೋಡಿದೆ. ಸೀಗಡಿ ಅಲ್ಲೇ ಇತ್ತು. ಒಂದು ಎಳೆ ಹಿಡಿದು ಜಗ್ಗುತ್ತದೆ, ಹಿಂದೆ ಜಿಗಿಯುತ್ತದೆ, ಮತ್ತೆ ಬಂದು ಜಗ್ಗುತ್ತದೆ. ಇವತ್ತು ಬೆಳಿಗ್ಗೆ ನೋಡಿದರೆ ಅಲ್ಲಿ ಒಂದೇ ಇದೆ.