ಸಹಾಯ ಬೇಕು: ಅಳಿವೆಯಲ್ಲಿ (ನದಿ ಕಡಲು ಸೇರೋ ಕಡೆ) ಗಾಳಕ್ಕೆ ಅಮಾವಾಸ್ಯೆಯೋ, ಅಷ್ಟಮಿಯೋ?

ಮೈಸೂರಿನಿಂದ ನಾಲ್ವರು ನವೆಂಬರ್‌ನಲ್ಲಿ ಮಂಗಳೂರಿಗೆ ಹೊರಟಿದ್ದೇವೆ, ದಡದಿಂದಲೇ ಗಾಳ. ಕೆಆರ್‌ಎಸ್ ಹಿನ್ನೀರಿಗೆ ಬೆಳಗ್ಗೆ, ಸಂಜೆ ನೋಡಿದರೆ ಸಾಕು. ಕಡಲಲ್ಲಿ ನೀರಿನ ಓಟವೇ ಗಡಿಯಾರ. ಉಬ್ಬರ ದಿನಕ್ಕೆರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡ, ಇಷ್ಟು ಗೊತ್ತು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಲ್ಲಿ ಸೆಳೆತ ಜೋರು. ದಾರಕ್ಕೆ ಕಟ್ಟಿದ 30 ಗ್ರಾಂ ಸೀಸ ತಳದಲ್ಲಿ ನಿಲ್ಲದೆ ಜಾರಿ ಪಕ್ಕದವರ ದಾರಕ್ಕೆ ಸುತ್ತಿಕೊಳ್ಳುತ್ತೆ. ಅಷ್ಟಮಿಗೆ ಸೀಸ ನಿಲ್ಲುತ್ತೆ, ಆದರೆ ಓಟ ಮಂದ.

ನೇತ್ರಾವತಿ ಅಳಿವೆಯಲ್ಲಿ ಕೆಂಬೇರಿ ಮೀನಿಗೆ ಇಳಿತದ ಮೊದಲ ಎರಡು ಗಂಟೆಯೇ ಸರಿಯೇ? ಹಿಂದಿನ ದಿನ ಘಟ್ಟದಲ್ಲಿ ಮಳೆಯಾಗಿ ಕೆಂಪು ಸಿಹಿನೀರು ಬಂದರೆ ಅಳಿವೆ ಬಿಟ್ಟು ಮರಳುದಂಡೆಯಲ್ಲಿ ಕಾಣೆ ಮೀನಿಗೆ ಕೂರೋದು ವಾಸಿಯೇ? ಹಸಿ ಸಿಗಡಿ ಗಾಳದಲ್ಲಿ ನಿಲ್ಲಲು ನೂಲು ಸುತ್ತಬೇಕೇ? ಅಲ್ಲಿ ಗಾಳ ಹಾಕಿ ಅನುಭವ ಇದ್ದವರು ಸೀಸದ ತೂಕ ಸಮೇತ ಹೇಳಿ. ‘ಅದೃಷ್ಟ’ ಅನ್ನೋ ಉತ್ತರ ಬೇಡ ಗುರು!