ಕಾರ್ಟೋಗ್ರಾಮ್: 40 ಸುತ್ತು ಓಡಿಸಿದರೂ ದೋಷ ಇಳಿಯುತ್ತಿಲ್ಲ, ಭಾರತ ಉಬ್ಬುತ್ತಿಲ್ಲ

ಗೆರೆಅಂಚು:
ಮೂರು ರಾತ್ರಿ ಇದಕ್ಕೇ ಹೋಯಿತು. ಪ್ರಪಂಚದ ದೇಶಗಳನ್ನು ಜನಸಂಖ್ಯೆಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುವ ಕಾರ್ಟೋಗ್ರಾಮ್ ಮಾಡುತ್ತಿದ್ದೇನೆ. ಲೆಕ್ಕವನ್ನು ಮೊದಲು 15 ಸುತ್ತು ಓಡಿಸಿದೆ, ಆಮೇಲೆ 40. ಸರಾಸರಿ ದೋಷ (ಬರಬೇಕಾದ ವಿಸ್ತೀರ್ಣಕ್ಕೂ ಬಂದದ್ದಕ್ಕೂ ಇರುವ ಅಂತರ) ಒಂದು ಮಟ್ಟಕ್ಕೆ ಬಂದು ಕುಳಿತಿದೆ, ಅಲ್ಲಾಡುತ್ತಿಲ್ಲ. ಭಾರತ, ಚೀನಾ ಎರಡೂ ಕುಗ್ಗಿವೆ. ಫ್ರಾನ್ಸಿನ ದಕ್ಷಿಣ ಅಂಚಿನಲ್ಲಿ ಬೊಕ್ಕೆ ಎದ್ದಂತೆ ಏನೋ ಉಬ್ಬಿಕೊಂಡು ಇಟಲಿಯನ್ನು ಪಕ್ಕಕ್ಕೆ ತಳ್ಳಿದೆ. ನಕ್ಷೆ ಸರಿಯಿದೆ, ಅಂಕಿ ಸರಿಯಿದೆ. ಏನು ಮಾಡಲಿ?

ಅಕ್ಷಾಂಶ12:
ನಿಮ್ಮ ಪದರ, ಅಂದರೆ ದೇಶಗಳ ಗಡಿಯ ದತ್ತಾಂಶ, ಡಿಗ್ರಿಯಲ್ಲಿದೆ, ಬೇರೆ ಕಾರಣವೇ ಇಲ್ಲ. ಅಕ್ಷಾಂಶ-ರೇಖಾಂಶದಲ್ಲಿ ವಿಸ್ತೀರ್ಣ ಅಳೆದರೆ ಧ್ರುವದ ಕಡೆಯ ದೇಶಗಳು ಮೊದಲೇ ದೊಡ್ಡದಾಗಿ ಕುಳಿತಿರುತ್ತವೆ. ಮರ್ಕೇಟರ್ ನಕ್ಷೆಯಲ್ಲೂ ಇದೇ ಗೋಳು: ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ಕಾಣುತ್ತದೆ, ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು. ಸಮವಿಸ್ತೀರ್ಣದ ಪ್ರೊಜೆಕ್ಷನ್‌ಗೆ, ಅಂದರೆ ವಿಸ್ತೀರ್ಣದ ಅನುಪಾತ ಕೆಡದಂತೆ ಗೋಳವನ್ನು ಚಪ್ಪಟೆ ಮಾಡುವ ಕ್ರಮಕ್ಕೆ, ಬದಲಿಸಿ. ಮೊಲ್‌ವೈಡೆ ಸಾಕು.

ಗೆರೆಅಂಚು:
ಮೊದಲ ದಿನವೇ ಮೊಲ್‌ವೈಡೆಗೆ ಬದಲಿಸಿದ್ದೇನೆ. ಅದು ಎಲ್ಲರಿಗೂ ಗೊತ್ತಿರುವುದೇ ಎಂದು ಬರೆಯಲಿಲ್ಲ.

ಅಕ್ಷಾಂಶ12:
ನೀವು ಬಳಸುವ ನಕ್ಷೆಯ ತಂತ್ರಾಂಶ ಕ್ಯೂಜಿಐಎಸ್ ಆದರೆ, ಪರದೆಯ ಪ್ರೊಜೆಕ್ಷನ್ ಬದಲಿಸಿದ ಮಾತ್ರಕ್ಕೆ ಪದರದ್ದು ಬದಲಾಗುವುದಿಲ್ಲ. ಪದರವನ್ನೇ ಬೇರೆ ಫೈಲಾಗಿ ಉಳಿಸಬೇಕು. ನೂರಕ್ಕೆ ತೊಂಬತ್ತು ಜನ ಎಡವುವುದು ಇಲ್ಲೇ.

ಗೆರೆಅಂಚು:
ಕ್ಯೂಜಿಐಎಸ್ಸೇ. ಪದರವನ್ನೇ ಉಳಿಸಿದ್ದೇನೆ, ಶೇಪ್‌ಫೈಲ್ ಎಂಬ ನಕ್ಷೆಯ ಫೈಲ್ ರೂಪದಲ್ಲಿ. ಅಳತೆ ಮೀಟರಿನಲ್ಲಿದೆ, ಈಗಷ್ಟೇ ಮತ್ತೆ ನೋಡಿದೆ.

ಅಕ್ಷಾಂಶ12:
ಹಾಗಾದರೆ ಒಮ್ಮೆ ಈಕ್ವಲ್ ಅರ್ತ್ ಎಂಬ ಇನ್ನೊಂದು ಸಮವಿಸ್ತೀರ್ಣದ ಪ್ರೊಜೆಕ್ಷನ್‌ನಲ್ಲಿ ಪ್ರಯತ್ನಿಸಿ. ತೊಂದರೆ ಪ್ರೊಜೆಕ್ಷನ್‌ನಲ್ಲೇ ಇದೆ ಎಂಬ ನನ್ನ ಮಾತು ಬದಲಾಗುವುದಿಲ್ಲ.

ಪದರಪದರ:
ಪ್ರೊಜೆಕ್ಷನ್ ಬಿಡಿ, ವಿಧಾನವೇ ಹಳೆಯದು. ಕ್ಯೂಜಿಐಎಸ್‌ಗೆ ಸೇರಿಸಿಕೊಳ್ಳುವ ಕಾರ್ಟೋಗ್ರಾಮ್ ಪ್ಲಗಿನ್ 1985ರ ಡೌಗೆನಿಕ್ ವಿಧಾನದ್ದು; ಪ್ರತಿ ದೇಶವೂ ಸುತ್ತಲಿನ ಬಿಂದುಗಳನ್ನು ತಳ್ಳುತ್ತದೆ ಇಲ್ಲವೇ ಎಳೆಯುತ್ತದೆ. 2004ರ ಗ್ಯಾಸ್ಟ್ನರ್-ನ್ಯೂಮನ್ ವಿಧಾನ ಸಾಂದ್ರತೆಯನ್ನು ನೀರಿಗೆ ಬಿದ್ದ ಶಾಯಿಯಂತೆ ಹರಡಿ ಸಮ ಮಾಡುತ್ತದೆ. ನಾನು 2018ರ ಹರಿವಿನ ವಿಧಾನಕ್ಕೆ ಬಂದು ತುಂಬಾ ಕಾಲವಾಯಿತು. ನನ್ನಲ್ಲಿ 64 ಜಿಬಿ ಮೆಮೊರಿ, ಎರಡು ದೊಡ್ಡ ಮಾನಿಟರ್. ಎಡಗಡೆ ಮೂಲ ನಕ್ಷೆ, ಬಲಗಡೆ ಫಲಿತಾಂಶ. ಹಾಗೆ ಅಕ್ಕಪಕ್ಕ ಇಟ್ಟು ನೋಡದವರಿಗೆ ಎಲ್ಲಿ ಹಿಂಜಿದೆ ಎಂಬುದು ತಿಳಿಯುವುದೇ ಇಲ್ಲ.

ಹಳೆಯ ದಿಕ್ಸೂಚಿ:
ಇಷ್ಟೆಲ್ಲ ಏಕೆ? ಡಾರ್ಲಿಂಗ್ ವೃತ್ತಗಳನ್ನು ಬಳಸಿ. ಒಂದು ದೇಶಕ್ಕೆ ಒಂದು ವೃತ್ತ, ವಿಸ್ತೀರ್ಣದಲ್ಲಿ ದೋಷವೇ ಇರುವುದಿಲ್ಲ.

ಪದರಪದರ:
ಅದನ್ನು ನಕ್ಷೆ ಎನ್ನಬೇಡಿ. ಗಡಿ ಇಲ್ಲ, ಆಕಾರ ಇಲ್ಲ.

ಹಳೆಯ ದಿಕ್ಸೂಚಿ:
1934ರಲ್ಲೇ ನಕ್ಷೆಗಾರ ಎರ್ವಿನ್ ರೈಸ್ ಬರೀ ಆಯತಗಳಿಂದ ಕಾರ್ಟೋಗ್ರಾಮ್ ಮಾಡಿ ತೋರಿಸಿದ್ದಾರೆ. ಆಕಾರ ಬಿಟ್ಟುಕೊಟ್ಟು ಅಳತೆ ಉಳಿಸಿಕೊಳ್ಳುವುದೂ ನಕ್ಷೆಗಾರಿಕೆಯೇ. ಹಿಂಜಿದ ಗಡಿಗಿಂತ ನೇರವಾದ ವೃತ್ತ ಪ್ರಾಮಾಣಿಕ.

ಅಳತೆಗೋಲು:
ಇಬ್ಬರೂ ಸ್ವಲ್ಪ ತಾಳಿ. ಗೆರೆಅಂಚು ಅವರೇ, ಫ್ರಾನ್ಸಿನ ಅಂಚಿನ ಆ ಬೊಕ್ಕೆ ಮೊನಾಕೊ. ಮಲೇಷ್ಯಾದ ತುದಿಯಲ್ಲಿ ಸಿಂಗಾಪುರವೂ ಉಬ್ಬಿದೆಯೇ ನೋಡಿ. ಉಬ್ಬಿದ್ದರೆ ನೀವು ಕೊಟ್ಟಿರುವುದು ಜನಸಂಖ್ಯೆಯಲ್ಲ, ಜನಸಾಂದ್ರತೆ. ಕಾರ್ಟೋಗ್ರಾಮ್‌ಗೆ ಕೂಡಿಸಲು ಬರುವ ಅಂಕಿಯೇ ಬೇಕು: ಜನ, ಮತ, ಟನ್ನು. ಎರಡು ದೇಶಗಳ ಜನರನ್ನು ಕೂಡಿಸಬಹುದು, ಸಾಂದ್ರತೆಯನ್ನು ಕೂಡಿಸಿದರೆ ಅರ್ಥವಿಲ್ಲ. ನೀವು ಕೊಟ್ಟ ಅಂಕಿಯ ಪ್ರಕಾರ ಮೊನಾಕೊ ರಷ್ಯಾಕ್ಕಿಂತ ದೊಡ್ಡದಾಗಬೇಕು. ಯಾವ ವಿಧಾನ ಹಾಕಿದರೂ ಎಷ್ಟು ಸುತ್ತು ಓಡಿಸಿದರೂ ಅದು ಆಗುವ ಕೆಲಸವಲ್ಲ.

ಗೆರೆಅಂಚು:
ಸಿಂಗಾಪುರವೂ ಉಬ್ಬಿದೆ! ಆದರೆ ಕಾಲಂನ ಹೆಸರು ಸ್ಪಷ್ಟವಾಗಿ ಇಂಗ್ಲಿಷಿನಲ್ಲಿ ‘ಪಾಪ್ಯುಲೇಶನ್’ ಎಂದೇ ಇದೆ.

ಅಳತೆಗೋಲು:
ಆ ಕಾಲಂನ ಮೊತ್ತ ತೆಗೆಯಿರಿ. 800 ಕೋಟಿಯ ಆಸುಪಾಸು ಬರಬೇಕು. ಇನ್ನೊಂದು ಪ್ರಶ್ನೆ: ಶೇಪ್‌ಫೈಲ್ ಆಗಿ ಉಳಿಸುವ ಮುನ್ನ ಪಟ್ಟಿಯಲ್ಲಿ ಸಾಂದ್ರತೆಯ ಕಾಲಂ ಇತ್ತೇ, ಅದೂ ಜನಸಂಖ್ಯೆಗಿಂತ ಮೊದಲು?

ಗೆರೆಅಂಚು:
ಮೊತ್ತ ಒಂದು ಕೋಟಿಯ ಹತ್ತಿರಕ್ಕೂ ಬರಲಿಲ್ಲ. ಹೌದು, ‘ಪಾಪ್ಯುಲೇಶನ್ ಡೆನ್ಸಿಟಿ’ ಮೊದಲಿತ್ತು, ‘ಪಾಪ್ಯುಲೇಶನ್’ ಆಮೇಲೆ.

ಅಳತೆಗೋಲು:
ಅದೇ. ಶೇಪ್‌ಫೈಲ್‌ನಲ್ಲಿ ಕಾಲಂನ ಹೆಸರಿಗೆ ಹತ್ತೇ ಅಕ್ಷರ. ‘ಪಾಪ್ಯುಲೇಶನ್’ ಇಂಗ್ಲಿಷಿನಲ್ಲಿ ಸರಿಯಾಗಿ ಹತ್ತು. ಸಾಂದ್ರತೆಯ ಕಾಲಂ ಬಾಲ ಕಳೆದುಕೊಂಡು ಆ ಹೆಸರನ್ನು ತಾನೇ ಹಿಡಿಯಿತು. ನಿಜವಾದ ಜನಸಂಖ್ಯೆ ಬಾಲದಲ್ಲಿ ‘_1’ ಅಂಟಿಸಿಕೊಂಡು ಅದರ ಪಕ್ಕದಲ್ಲೇ ಇರಬೇಕು. ಜಿಯೋಪ್ಯಾಕೇಜ್ ಎಂಬ ಇನ್ನೊಂದು ಫೈಲ್ ರೂಪದಲ್ಲಿ ಉಳಿಸಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ.

ಗೆರೆಅಂಚು:
ಇದೆ, ಅಲ್ಲೇ ಇದೆ! ಓಡಿಸಿದೆ. ಭಾರತ, ಚೀನಾ ಎರಡೂ ಸೇರಿ ಒಟ್ಟು ವಿಸ್ತೀರ್ಣದ ಮೂರನೇ ಒಂದು ಭಾಗಕ್ಕಿಂತ ಹೆಚ್ಚಾಗಿವೆ. ರಷ್ಯಾ ಉತ್ತರಕ್ಕೆ ಒತ್ತರಿಸಿಕೊಂಡು ಪಟ್ಟಿಯಂತಾಗಿದೆ. ಹೃತ್ಪೂರ್ವಕ ಧನ್ಯವಾದ. ಸರಾಸರಿ ದೋಷವೂ ಚೆನ್ನಾಗಿ ಇಳಿಯಿತು. ಇಷ್ಟಾದರೆ ಸಾಕೇ?

ಅಳತೆಗೋಲು:
ಸರಾಸರಿಯನ್ನು ನಾನು ನಂಬುವುದಿಲ್ಲ, ಒಂದೆರಡು ಕೆಟ್ಟ ದೇಶಗಳು ಅದರೊಳಗೆ ಅಡಗಿಬಿಡುತ್ತವೆ. ಪ್ರತಿ ದೇಶಕ್ಕೂ ವಿಸ್ತೀರ್ಣದ ಪಾಲನ್ನು ಜನಸಂಖ್ಯೆಯ ಪಾಲಿನಿಂದ ಭಾಗಿಸಿ, 1 ಬರಬೇಕು. ಅತ್ಯಂತ ದೂರ ಸರಿದ ಹತ್ತನ್ನು ಕಣ್ಣಾರೆ ನೋಡಿ. ಮಂಗೋಲಿಯಾ ಚೀನಾ-ರಷ್ಯಾ ಎರಡಕ್ಕೂ ಇನ್ನೂ ಅಂಟಿಕೊಂಡಿದೆಯೇ? ಲೆಸೊಥೊ ದಕ್ಷಿಣ ಆಫ್ರಿಕಾದ ಒಳಗೇ ಇದೆಯೇ? ಕೊನೆಗೆ ಹೆಸರುಗಳನ್ನು ತೆಗೆದು ಬೇರೊಬ್ಬರಿಗೆ ತೋರಿಸಿ, ಎಷ್ಟು ದೇಶ ಗುರುತಿಸುತ್ತಾರೆ ನೋಡಿ.

ಅಕ್ಷಾಂಶ12:
ಈಕ್ವಲ್ ಅರ್ತ್‌ನಲ್ಲಿ ಓಡಿಸಿದರೆ ದೋಷ ಇನ್ನೂ ಇಳಿಯುತ್ತದೆ.

ಗೆರೆಅಂಚು:
ಲೆಸೊಥೊ ಒಳಗೇ ಇದೆ, ಆದರೆ ಅದರ ಗಡಿಯ ಸುತ್ತ ಕೂದಲೆಳೆಯಷ್ಟು ಬಿಳಿ ಸೀಳು ಬಿಟ್ಟಿದೆ. ಓಡಿಸುವ ಮುನ್ನ ಗಡಿಗಳನ್ನು ಸರಳಗೊಳಿಸಿದ್ದೆ. ಅದರಿಂದಲೇ?

ಅಳತೆಗೋಲು:
ಪ್ರತಿ ದೇಶವನ್ನೂ ಬೇರೆ ಬೇರೆಯಾಗಿ ಸರಳಗೊಳಿಸಿದಿರಾ, ಹಂಚಿಕೊಂಡ ಗಡಿಯನ್ನು ಒಂದೇ ಗೆರೆಯಾಗಿ ಹಿಡಿದು ಸರಳಗೊಳಿಸಿದಿರಾ?