ಫೋಟೋಶಾಪ್ ಲೈಫ್‌ಟೈಮ್ ₹799 ಅಂತ ಆಡ್ ಬರಾಕತ್ತೈತಿ, ತಗೋಬಹುದಾ? ಜೊತಿಗೆ ಕನ್ನಡ ಒತ್ತಕ್ಷರದ ತೊಂದ್ರಿ

ಹಾವೇರಿ_ಸ್ಟುಡಿಯೋ

ಎಲ್ಲರಿಗೂ ನಮಸ್ಕಾರ್ರಿ. ನಾನು ರಾಣೆಬೆನ್ನೂರಾಗ ಒಂದು ಸಣ್ಣ ಫೋಟೋ ಸ್ಟುಡಿಯೋ ನಡಸ್ತೀನಿ. ಮೊದಲ ಪಾಸ್‌ಪೋರ್ಟ್ ಫೋಟೋ, ಮದುವಿ ಆಲ್ಬಮ್ ಇಷ್ಟ ಇತ್ತು, ಈಗ ಒಂದು ವರ್ಷದಿಂದ ಲಗ್ನಪತ್ರಿಕಿ, ವಿಸಿಟಿಂಗ್ ಕಾರ್ಡು, ಗೃಹಪ್ರವೇಶ, ಶ್ರದ್ಧಾಂಜಲಿ ಬ್ಯಾನರ್ ಎಲ್ಲಾ ಕೇಳಾಕತ್ತಾರ. ಹಳೇ ಕಂಪ್ಯೂಟರ್‌ನ್ಯಾಗ ಯಾರೋ ಹಾಕಿಕೊಟ್ಟ ಫೋಟೋಶಾಪ್ ಇತ್ತು, ಅದು ಹೋತು. ಈಗ ಹೊಸಾ ಕಂಪ್ಯೂಟರ್ ತಗೊಂಡೀನಿ, ಈ ಸಲ ಎಲ್ಲಾ ನೆಟ್ಟಗ ಮಾಡೋಣ ಅಂತ ಮನಸ್ಸೈತಿ.

ಒಂದನೇದು, ಮೊಬೈಲ್ ತಗದ್ರ ಸಾಕು ಫೋಟೋಶಾಪ್, ಇಲ್ಲಸ್ಟ್ರೇಟರ್ ಎಲ್ಲಾ ಸೇರಿ ಲೈಫ್‌ಟೈಮ್ ಲೈಸೆನ್ಸ್ ₹799, ಇವತ್ತು ರಾತ್ರಿ 12ಕ್ಕ ಆಫರ್ ಮುಗೀತೈತಿ ಅಂತ ಆಡ್ ಬರ್ತಾವು. ನಾ ನೋಡಾಕತ್ತು ಎರಡು ವಾರ ಆತು, ಆ ಆಫರ್ ದಿನಾ ರಾತ್ರಿ 12ಕ್ಕ ಮುಗೀತೈತಿ. ನಮ್ಮ ಕಾಕಾನ ಮಗ ಇಂಥಾದ್ದ ಒಂದರಾಗ ರೊಕ್ಕ ಹಾಕಿದ್ದ, ಇಪ್ಪತ್ತು ದಿನ ನಡೀತು, ಆಮ್ಯಾಲ ಬಂದ್ ಆತು, ಆ ನಂಬರ್ರೂ ಸ್ವಿಚ್ ಆಫ್.

ಎರಡನೇದ ನನಗ ದೊಡ್ಡದು. ಟ್ರಯಲ್ ಹಾಕ್ಕೊಂಡು ಒಂದು ಪತ್ರಿಕಿ ಮಾಡಿದೆ, "ಶ್ರೀ ಲಕ್ಷ್ಮೀ ವೆಂಕಟೇಶ್ವರ ಪ್ರಸನ್ನ" ಅಂತ ಪೇಸ್ಟ್ ಮಾಡಿದ್ರ ಒತ್ತಕ್ಷರ ಕೆಳಗ ಹೋಗೂದ ಇಲ್ಲ, ಕ ಬ್ಯಾರೆ ಷ ಬ್ಯಾರೆ ಮ ಬ್ಯಾರೆ, ಎಲ್ಲಾ ಸಾಲಾಗಿ ನಿಂತ್ಕೊಂಡ್ಬಿಡ್ತಾವು. ನಮ್ಮಪ್ಪ ಮೂವತ್ತು ವರ್ಷ ಅಂಗಡಿ ಬೋರ್ಡು, ಗ್ವಾಡಿ ಜಾಹೀರಾತು ಬರದಾರ, ಬ್ರಷ್ ಹಿಡದ್ರ ಸ್ಕೇಲ್ ಬ್ಯಾಡ ಅವರಿಗೆ. ಪ್ರೂಫ್ ತೋರಿಸಿದೆ, ನೋಡಿ ಕನ್ನಡಕ ತಗದು ಇಟ್ರು, "ದೇವರ ಹೆಸರು ಹಿಂಗ ಒಡದು ಕೊಡಬ್ಯಾಡೋ" ಅಂದ್ರು, ಅಷ್ಟ. ಅವತ್ತಿಂದ ಆ ಆರ್ಡರ್ ಹಂಗ ಇಟ್ಟೀನಿ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳ್ರಿ.

ಮೈಸೂರ್_ಪಿಕ್ಸೆಲ್

ಅಣ್ಣಾ ಮೊದಲು ಆ ₹799 ಆಡ್ ಬಗ್ಗೆ. ತಗೋಬೇಡಿ. ಫೋಟೋಶಾಪ್ ಮಾಡೋ ಅಡೋಬಿ ಕಂಪನಿ ಲೈಫ್‌ಟೈಮ್ ಅಂತ ಮಾರೋದನ್ನೇ ನಿಲ್ಲಿಸಿ ಎಷ್ಟೋ ವರ್ಷ ಆಯ್ತು. 2012ರಲ್ಲಿ ಬಂದ ಸಿಎಸ್6 ಒಂದೇ ಸಲ ದುಡ್ಡು ಕೊಟ್ಟು ತಗೊಳ್ಳೋ ಥರದ್ದರಲ್ಲಿ ಕೊನೇದು, 2013ರಿಂದ ಹೊಸದೆಲ್ಲ ಚಂದಾ ಲೆಕ್ಕ. ಹಾಗಾಗಿ ಈಗಿನ ಫೋಟೋಶಾಪ್‌ಗೆ "ಲೈಫ್‌ಟೈಮ್" ಅನ್ನೋ ಪದ ಯಾವ ಆಡ್‌ನಲ್ಲಿ ಕಂಡರೂ ಅದು ಕ್ರ್ಯಾಕ್ ಮಾಡಿದ್ದು, ಇಲ್ಲ ಯಾವುದೋ ಕಾಲೇಜು ಕಂಪನಿ ಅಕೌಂಟಿನ ಸೀಟನ್ನ ಕದ್ದು ಮಾರ್ತಿರೋದು, ಆ ಕಡೆಯವರು ಸೀಟ್ ತೆಗೆದ ದಿನ ನಿಮ್ದು ಬಂದ್. ನಿಮ್ಮ ತಮ್ಮನಿಗೆ ಆಗಿದ್ದೂ ಅದೇ ಇರಬೇಕು. ಅವರಿಗೆ ಹೇಳಿ, 1930ಗೆ ಫೋನ್ ಮಾಡಿ ಸೈಬರ್ ಕ್ರೈಮ್ ದೂರು ಕೊಡಲಿ, ಸಣ್ಣ ಮೊತ್ತ ಅಂತ ಬಿಡೋದು ಬೇಡ. ದಿನಾ ರಾತ್ರಿ ಮುಗಿಯೋ ಆಫರ್ ಇದೆಯಲ್ಲ, ಅದೂ ತಪ್ಪೇ, 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್ ಅಂತ 13 ಥರದ ಮೋಸದ ಪಟ್ಟಿ ಹೊರಡಿಸಿತು, ಸುಳ್ಳು ಅವಸರ ಹುಟ್ಟಿಸೋದು ಅದರಲ್ಲಿ ಇದೆ.

ಇನ್ನೊಂದು ಎಚ್ಚರ, ಫ್ರೀ ಸಾಫ್ಟ್‌ವೇರ್ ಹುಡುಕುವಾಗಲೂ ಆಡ್ ಮೇಲೆ ಕ್ಲಿಕ್ ಮಾಡ್ಬೇಡಿ. 2022ರಲ್ಲಿ ಗೂಗಲ್‌ನಲ್ಲಿ ಜಿಂಪ್ (ಫೋಟೋ ತಿದ್ದೋ ಫ್ರೀ ಸಾಫ್ಟ್‌ವೇರ್) ಅಂತ ಹುಡುಕಿದ್ರೆ ಮೇಲ್ಗಡೆ ಒಂದು ಜಾಹೀರಾತು ಬರ್ತಿತ್ತು, ಅದರಲ್ಲಿ ಕಾಣ್ತಿದ್ದ ವಿಳಾಸ ಅಸಲಿ ಜಿಂಪ್ ಡಾಟ್ ಆರ್ಗ್ ಅಂತಾನೇ, ಆದ್ರೆ ಒತ್ತಿದ್ರೆ ಹೋಗ್ತಿದ್ದದ್ದು ಹೆಸರಲ್ಲಿ ಒಂದೆರಡು ಅಕ್ಷರ ಜಾಸ್ತಿ ಇದ್ದ ನಕಲಿ ಸೈಟಿಗೆ. ಅಲ್ಲಿ ಸಿಗ್ತಿದ್ದ ಫೈಲ್ ಒಳಗೆ ವಿದಾರ್ ಅನ್ನೋ ಕಳ್ಳ ಪ್ರೋಗ್ರಾಂ, ಬ್ರೌಸರ್‌ನಲ್ಲಿ ಸೇವ್ ಮಾಡಿಟ್ಟ ಪಾಸ್‌ವರ್ಡ್ ಎಲ್ಲ ಎತ್ಕೊಂಡು ಹೋಗೋದು. ಅನುಮಾನ ಬರಬಾರದು ಅಂತ ಸಣ್ಣ ಫೈಲನ್ನ ಸುಮ್ನೆ ಉಬ್ಬಿಸಿ 700 ಎಂಬಿ ಹತ್ತಿರ ಮಾಡಿದ್ರು. ಅವತ್ತಿಂದ ನಾನು ಯಾವ ಸಾಫ್ಟ್‌ವೇರ್ ಆದ್ರೂ ವಿಳಾಸ ಕೈಯಲ್ಲೇ ಟೈಪ್ ಮಾಡಿ ಹೋಗ್ತೀನಿ. ಸ್ಟುಡಿಯೋ ಕಂಪ್ಯೂಟರ್‌ನಲ್ಲಿ ಜನರ ಮನೆ ಮದುವೆ ಫೋಟೋ ಇರುತ್ತೆ ಅಣ್ಣಾ, ನಿಮ್ಮ ಪಾಸ್‌ವರ್ಡ್ ಒಂದೇ ಅಲ್ಲ ಹೋಗೋದು.

ನಿಜವಾದ ಫೋಟೋಶಾಪೇ ಬೇಕು ಅಂದ್ರೆ ಅಧಿಕೃತ ಸೈಟಲ್ಲಿ ಚಂದಾ ತಗೊಳ್ಳಿ, ಆದ್ರೆ "ವರ್ಷದ ಪ್ಲಾನ್, ತಿಂಗಳ ಕಂತು" ಅನ್ನೋದನ್ನ ಎರಡು ಸಲ ಓದಿ, ಮಧ್ಯದಲ್ಲಿ ಬಿಟ್ರೆ ದಂಡ ಬೀಳುತ್ತೆ. 2024ರ ಜೂನ್‌ನಲ್ಲಿ ಅಮೆರಿಕದ ಗ್ರಾಹಕರ ಹಿತ ನೋಡೋ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಅಡೋಬಿ ವಿರುದ್ಧ ಕೋರ್ಟಿಗೆ ಹೋಗಿದ್ದು ಇದೇ ವಿಷಯಕ್ಕೆ, ಆ ದಂಡದ ವಿವರ ಗ್ರಾಹಕರ ಕಣ್ಣಿಗೆ ಬೀಳದ ಹಾಗೆ ಇಟ್ಟಿದ್ರು ಅನ್ನೋದು ಆರೋಪ. ದುಡ್ಡು ಹಾಕೋಕೆ ಮುಂಚೆ ಒಂದು ತಿಂಗಳು ಜಿಂಪ್‌ನಲ್ಲಿ ಕೆಲಸ ಮಾಡಿ ನೋಡಿ, 2025ರ ಮಾರ್ಚ್‌ನಲ್ಲಿ 3.0 ಬಂತು, ಹಳೇ ಜಿಂಪ್ ನೋಡಿ ಬೇಜಾರಾಗಿದ್ದವರೂ ಇದನ್ನ ಒಂದು ಸಲ ನೋಡಬಹುದು, ಎಫೆಕ್ಟ್ ಹಾಕಿದ ಮೇಲೆ ಮತ್ತೆ ಹೋಗಿ ಬದಲಾಯಿಸೋಕೆ ಬರುತ್ತೆ ಈಗ.

ಅಕ್ಷರದ_ಹುಚ್ಚಿ

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ ಸಾರ್. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಬೆಂಗಳೂರಲ್ಲಿ ಪುಸ್ತಕದ ಕವರ್, ಪೋಸ್ಟರ್ ಮಾಡ್ತೀನಿ, ಒಡೆದ ಒತ್ತಕ್ಷರ ಹಾಕಿರೋ ದೊಡ್ಡ ದೊಡ್ಡ ಹೋರ್ಡಿಂಗ್ ನೋಡಿದಾಗ ಹೊಟ್ಟೆಗೆ ಸಂಕಟ ಆಗುತ್ತೆ, ಅಷ್ಟು ದುಡ್ಡು ಸುರಿದು ಮಾಡಿರ್ತಾರೆ, ಕನ್ನಡ ಓದೋಕೆ ಬರೋ ಒಬ್ಬರಿಗೆ ತೋರಿಸಿರಲ್ಲ.

ಇದು ಫಾಂಟಿನ ತಪ್ಪಲ್ಲ, ಅಕ್ಷರ ಜೋಡಿಸೋ ಎಂಜಿನ್‌ದು. ಯೂನಿಕೋಡ್‌ನಲ್ಲಿ "ಕ್ಷ್ಮೀ" ಅಂದ್ರೆ ಕ, ಹಲಂತ, ಷ, ಹಲಂತ, ಮ, ಆಮೇಲೆ ಈಕಾರ, ಹೀಗೆ ಬಿಡಿಬಿಡಿಯಾಗಿ ಇರುತ್ತೆ, ಅದನ್ನ ಕೂಡಿಸಿ ಒತ್ತನ್ನ ಕೆಳಗೆ ಇಳಿಸೋದು ಸಾಫ್ಟ್‌ವೇರ್ ಕೆಲಸ. ಫೋಟೋಶಾಪ್‌ನಲ್ಲಿ ಆ ಎಂಜಿನ್ ಬಹಳ ವರ್ಷ ಆಫ್ ಆಗಿ ಬರ್ತಿತ್ತು. ಪ್ರಿಫರೆನ್ಸಸ್‌ಗೆ ಹೋಗಿ ಟೈಪ್ ಅನ್ನೋದರಲ್ಲಿ ಟೆಕ್ಸ್ಟ್ ಎಂಜಿನ್ ಆಯ್ಕೆ ಇರುತ್ತೆ, ಅಲ್ಲಿ ಮಿಡಲ್ ಈಸ್ಟರ್ನ್ ಆಂಡ್ ಸೌತ್ ಏಷ್ಯನ್ ಅನ್ನೋದನ್ನ ಆರಿಸಿ, ಮುಚ್ಚಿ ತೆಗೆದು ಹೊಸ ಫೈಲ್ ಮಾಡಿ. ಕೆಲವು ವರ್ಷನ್‌ಗಳಲ್ಲಿ ಇದೇ ವರ್ಲ್ಡ್ ರೆಡಿ ಲೇಔಟ್ ಅನ್ನೋ ಹೆಸರಲ್ಲಿ ಇರುತ್ತೆ, ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೂಲೆ ಮೆನುವಿನಲ್ಲೂ ನೋಡಿ. ಇಲ್ಲಸ್ಟ್ರೇಟರ್‌ನಲ್ಲಿ ಶೋ ಇಂಡಿಕ್ ಆಪ್ಷನ್ಸ್ ಟಿಕ್ ಮಾಡ್ಬೇಕು. ಹಳೇ ಲೇಯರ್ ತಾನಾಗಿ ಸರಿ ಹೋಗದಿದ್ರೆ ಅದನ್ನ ಅಳಿಸಿ ಹೊಸದಾಗಿ ಟೆಕ್ಸ್ಟ್ ಹಾಕೋದು ಸುಲಭ, ಎಷ್ಟೋ ಜನ ಇಲ್ಲೇ ಸೋತು ಯೂನಿಕೋಡ್ ಅಲ್ಲದ ಹಳೇ ನುಡಿ ಆಸ್ಕಿ ಫಾಂಟಿಗೆ ವಾಪಸ್ ಹೋಗ್ತಾರೆ.

ಜಿಂಪ್, ಇಂಕ್‌ಸ್ಕೇಪ್ (ಇಲ್ಲಸ್ಟ್ರೇಟರ್ ಥರದ ಫ್ರೀ ಸಾಫ್ಟ್‌ವೇರ್) ಎರಡರಲ್ಲೂ ಈ ತಲೆನೋವಿಲ್ಲ, ಮೊದಲ ದಿನದಿಂದಲೇ ಕನ್ನಡ ಕೂಡುತ್ತೆ. ಅಫಿನಿಟಿ ಅನ್ನೋ ಡಿಸೈನ್ ಸಾಫ್ಟ್‌ವೇರ್ 2025ರ ಅಕ್ಟೋಬರ್‌ನಿಂದ ಫ್ರೀ ಆಗಿದೆ ಅಂತ ಆಡ್ ನೋಡಿರ್ತೀರಿ, ಅದು ನಿಜಾನೇ, ಆದ್ರೆ ಅದರ ಹಳೇ ವರ್ಷನ್‌ಗಳಲ್ಲಿ ನಮ್ಮ ಲಿಪಿ ಕೂಡ್ತಿರ್ಲಿಲ್ಲ, ಅದಕ್ಕೇ ಯಾವುದನ್ನೇ ಹಾಕ್ಕೊಂಡ್ರೂ ಮೊದಲು ಈ ಒಂದು ಸಾಲು ಪೇಸ್ಟ್ ಮಾಡಿ: ಸ್ವಾತಂತ್ರ್ಯ, ರಾಷ್ಟ್ರ, ಲಕ್ಷ್ಮೀ, ಅರ್ಘ್ಯ, ವಿಜ್ಞಾನ, ಕೃಷ್ಣ, ರ‍್ಯಾಂಕ್. ಇದರಲ್ಲಿ ಒಂದು ಒಡೆದರೂ ಆ ಸಾಫ್ಟ್‌ವೇರ್ ಕನ್ನಡ ಮ್ಯಾಟರ್‌ಗೆ ಬೇಡ, ಫೋಟೋ ತಿದ್ದೋಕೆ ಮಾತ್ರ ಇಟ್ಕೊಳ್ಳಿ. ರ‍್ಯಾಂಕ್ ಬರೆಯುವಾಗ ರ ಆದಮೇಲೆ ಕಣ್ಣಿಗೆ ಕಾಣದ ಜೋಡಕ, ಅದೇ ಜೀರೋ ವಿಡ್ತ್ ಜಾಯ್ನರ್, ಹಾಕಿ ಆಮೇಲೆ ಹಲಂತ ಹಾಕ್ಬೇಕು, ಇಲ್ಲದಿದ್ರೆ ಅರ್ಕಾವತ್ತು ಬಂದು ಕೂರುತ್ತೆ.

ಫಾಂಟ್‌ಗೆ ದುಡ್ಡು ಕೊಡೋದೇ ಬೇಡ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ತಿರೊ ಕನ್ನಡ, ಬಾಲೂ ತಮ್ಮ, ಹುಬ್ಬಳ್ಳಿ ಇವೆ, ಓಪನ್ ಫಾಂಟ್ ಲೈಸೆನ್ಸ್, ಗಿರಾಕಿ ಕೆಲಸಕ್ಕೂ ಧಾರಾಳವಾಗಿ ಬಳಸಬಹುದು. ಪತ್ರಿಕೆಯ ಮ್ಯಾಟರ್‌ಗೆ ನಾನಾದ್ರೆ ತಿರೊ ಹಾಕ್ತೀನಿ, ಹಳೇ ಅಚ್ಚಿನ ಮೊಳೆಯ ಗತ್ತು ಅದರಲ್ಲಿ ಉಳಿದಿದೆ. ಬಾಲೂ ತಮ್ಮ ದಪ್ಪ, ಅಂಗಡಿ ಓಪನಿಂಗ್‌ಗೆ ಚೆನ್ನಾಗಿರುತ್ತೆ, ಶ್ರದ್ಧಾಂಜಲಿಗೆ ಯಾರೂ ಹಾಕ್ಬೇಡಿ.

ಎರಡು ಮಾತು ಜಾಸ್ತಿ ಹೇಳ್ತೀನಿ, ಯಾಕಂದ್ರೆ ಇದನ್ನ ಯಾವ ಇಂಗ್ಲಿಷ್ ಟ್ಯುಟೋರಿಯಲ್ಲೂ ಹೇಳಲ್ಲ. ಇಂಗ್ಲಿಷ್ ಹೆಡ್ಡಿಂಗ್‌ಗೆ ಅಕ್ಷರದ ಮಧ್ಯೆ ಜಾಗ ಬಿಡೋ ಟ್ರ್ಯಾಕಿಂಗ್ ಕನ್ನಡಕ್ಕೆ ಮಾಡ್ಬೇಡಿ, ದೀರ್ಘದ ಕೊಂಬು, ಅರ್ಕಾವತ್ತು ಪಕ್ಕದಲ್ಲಿ ಬರೋ ಗುರುತುಗಳು, ಜಾಗ ಬಿಟ್ಟರೆ ಅವು ತಮ್ಮ ಅಕ್ಷರದಿಂದ ದೂರ ಹೋಗಿ ಅನಾಥ ಆಗ್ತವೆ. ಮತ್ತೆ ಸಾಲಿನ ಅಂತರ ಆಟೋ ಅಂತ ಬಿಟ್ರೆ ಇಂಗ್ಲಿಷ್ ಅಳತೆ ಕೂರುತ್ತೆ, ಮೇಲಿನ ಸಾಲಿನ "ರಾಷ್ಟ್ರ"ದ ಎರಡು ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಹೊಡೆಯುತ್ತೆ. ಕೈಯಲ್ಲೇ ಹೆಚ್ಚಿಸಿ. ಇದರಲ್ಲಿ ನಿಮ್ಮ ತಂದೆಯವರಿಗಿಂತ ಒಳ್ಳೆ ಗುರು ಸಿಗಲ್ಲ, ಬ್ರಷ್‌ನಲ್ಲಿ ಬರೆಯುವವರು ಮೊದಲು ಒತ್ತಿಗೆ ಜಾಗ ಬಿಟ್ಟೇ ಮೇಲಿನ ಅಕ್ಷರ ಬರೀತಾರೆ.

ಉಡುಪಿ_ಪ್ರೆಸ್

ಮೇಲಿನವರು ಹೇಳಿದ್ದೆಲ್ಲ ಸರಿ ಉಂಟು, ಆದ್ರೆ ಸ್ಕ್ರೀನಲ್ಲಿ ಚಂದ ಕಂಡದ್ದು ಪ್ರೆಸ್ಸಿಗೆ ಬಂದು ಹಾಳಾಗುದು ನಾನು ದಿನಾ ನೋಡ್ತೇನೆ ಮಾರಾಯ್ರೆ, ಅದನ್ನು ಸ್ವಲ್ಪ ಹೇಳ್ತೇನೆ.

ಬ್ಯಾನರ್ ಮಾಡುವಾಗ ಎಲ್ಲದಕ್ಕೂ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇಡ್ಬೇಡಿ. 10 ಅಡಿ ಅಗಲ 8 ಅಡಿ ಎತ್ತರದ ಬ್ಯಾನರ್ 72 ಡಿಪಿಐಯಲ್ಲಿ 8640 ಬೈ 6912 ಪಿಕ್ಸೆಲ್, ದೂರದಿಂದ ನೋಡುವುದಕ್ಕೆ ಅಷ್ಟು ಸಾಕು. ಅದನ್ನೇ 300ರಲ್ಲಿ ಮಾಡಿದ್ರೆ ಅಗಲವೇ 36000 ಪಿಕ್ಸೆಲ್, ಫೋಟೋಶಾಪಿನ ಪಿಎಸ್‌ಡಿ ಫೈಲ್ 30000 ದಾಟಿದ್ರೆ ಸೇವ್ ಆಗುದಿಲ್ಲ, ಕಂಪ್ಯೂಟರೂ ಮಲಗ್ತದೆ. ವಿಸಿಟಿಂಗ್ ಕಾರ್ಡಿಗೆ, ಪತ್ರಿಕೆಗೆ 300 ಬೇಕೇ ಬೇಕು. ಮೂರೂವರೆ ಇಂಚು ಎರಡು ಇಂಚಿನ ಕಾರ್ಡ್ ಅಂದ್ರೆ 1050 ಬೈ 600, ಸುತ್ತ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಬೇರೆ, ಇಲ್ಲದಿದ್ರೆ ಕಟಿಂಗಲ್ಲಿ ಅಂಚಿಗೆ ಬಿಳಿ ಗೆರೆ ಬರ್ತದೆ.

ಫೋಟೋ ವಾಟ್ಸಾಪಲ್ಲಿ ಕಳಿಸ್ತಾರಲ್ಲ ಗಿರಾಕಿಗಳು, ಡಾಕ್ಯುಮೆಂಟ್ ಮಾಡಿ ಕಳಿಸಿ ಅಂತ ಹೇಳಿ. ಶ್ರದ್ಧಾಂಜಲಿಗೆ ತೀರಿಹೋದವರದ್ದು ಒಂದೇ ಫೋಟೋ ಇರ್ತದೆ ಕೆಲವು ಮನೆಗಳಲ್ಲಿ, ಯಾವುದೋ ಮದುವೆ ಗ್ರೂಪ್ ಫೋಟೋದಿಂದ ಕಟ್ ಮಾಡಿದ್ದು, ಅದು ವಾಟ್ಸಾಪಲ್ಲಿ ಒತ್ತಿ ಒತ್ತಿ ಬಂದು ಮುಖವೇ ಕರಗಿ ಹೋಗಿರ್ತದೆ. ನಾನು ಮೂಲ ಪ್ರಿಂಟ್ ತರಿಸಿ ಸ್ಕ್ಯಾನ್ ಮಾಡ್ತೇನೆ. ಈಗ ಎಐಯಲ್ಲಿ ಕ್ಲಿಯರ್ ಮಾಡುವ ಆಪ್ ಆಡ್ ತುಂಬ ಬರ್ತವೆ, ಒಂದು ಸಲ ಮಾಡಿ ಕೊಟ್ಟೆ, ಆ ಮನೆಯ ಅಮ್ಮ ಹತ್ತಿರ ಹಿಡಿದು ನೋಡಿ "ಇದು ನಮ್ಮವರ ಕಣ್ಣು ಅಲ್ಲ" ಅಂದ್ರು. ನಿಜ, ಅದು ಕಣ್ಣು ಹೊಸತು ಮಾಡಿ ಇಟ್ಟಿತ್ತು. ಆಮೇಲೆ ಅದನ್ನು ಮುಖಕ್ಕೆ ಮುಟ್ಟಿಸ್ಲಿಲ್ಲ, ಗೀರು, ಕಲೆ ತೆಗೀಲಿಕ್ಕೆ ಕ್ಲೋನ್ ಟೂಲ್ ಸಾಕು, ಅರ್ಧ ಗಂಟೆ ಹೋದ್ರೆ ಹೋಗ್ಲಿ.

ಬಣ್ಣದ್ದು, ಕಪ್ಪು ಅಕ್ಷರ ಆರ್‌ಜಿಬಿಯಲ್ಲಿ (ಸ್ಕ್ರೀನಿನ ಬಣ್ಣ) ಮಾಡಿ ಕಳಿಸಿದ್ರೆ ಸಿಎಂವೈಕೆಗೆ (ಪ್ರೆಸ್ಸಿನ ನಾಲ್ಕು ಶಾಯಿ) ತಿರುಗಿಸುವಾಗ ನಾಲ್ಕೂ ಬಣ್ಣ ಸೇರಿದ ಕಪ್ಪಾಗ್ತದೆ, ಪ್ಲೇಟ್ ಕೂದಲೆಳೆಯಷ್ಟು ಜರುಗಿದ್ರೂ ಸಣ್ಣ ಒತ್ತಕ್ಷರ ಎರಡೆರಡು ಕಾಣ್ತದೆ. ಮ್ಯಾಟರ್ ಬರೀ ಕೆ 100, ಅಂದ್ರೆ ಕಪ್ಪು ಶಾಯಿ ಮಾತ್ರ ಇರ್ಬೇಕು. ಜಿಂಪಲ್ಲಿ ಫೋಟೋ ಮಾಡಿ, ಇಂಕ್‌ಸ್ಕೇಪಿನ ಪಿಡಿಎಫ್ ಆರ್‌ಜಿಬಿಯಲ್ಲಿ ಬರುದರಿಂದ ಪ್ರೆಸ್ಸಿಗೆ ಕಳಿಸುವ ಕೊನೆಯ ಫೈಲನ್ನು ಸ್ಕ್ರೈಬಸ್ ಅನ್ನುವ ಫ್ರೀ ಪುಟ ಕಟ್ಟುವ ಸಾಫ್ಟ್‌ವೇರಲ್ಲಿ ಕಟ್ಟಿ, 2024ರ ಜನವರಿಯಲ್ಲಿ ಬಂದ 1.6ರಿಂದ ಅದರಲ್ಲಿ ಕನ್ನಡ ಸರಿ ಕೂಡ್ತದೆ. ನಿಮ್ಮ ಪ್ರೆಸ್ಸಿನವರು ಕೋರಲ್‌ಡ್ರಾದಲ್ಲೇ ಇದ್ರೆ ಅಕ್ಷರಗಳನ್ನು ಕರ್ವ್ (ಫಾಂಟ್ ಬೇಡದ ಆಕಾರ) ಮಾಡಿ ಕೊಡಿ, ಆದ್ರೆ ಕರ್ವ್ ಮಾಡುವ ಮೊದಲು ಒಂದು ಕಾಪಿ ಬೇರೆ ಇಡಿ, ಮುಹೂರ್ತದ ಟೈಮ್ ತಪ್ಪಿದ್ರೆ ತಿದ್ಲಿಕ್ಕೆ ಬೇಕಲ್ಲ.

ಮತ್ತೆ ಪಿವಿಸಿ ಫ್ಲೆಕ್ಸ್ ಕರ್ನಾಟಕದಲ್ಲಿ 2016ರ ಮಾರ್ಚಿನಿಂದ ನಿಷೇಧ ಉಂಟು, ಬಟ್ಟೆಯಲ್ಲಿ ಹೊಡೆಯುವವರನ್ನು ಹುಡುಕಿ. ಬಟ್ಟೆಗೆ ಶಾಯಿ ಸ್ವಲ್ಪ ಹರಡ್ತದೆ, ತೆಳು ಫಾಂಟ್ ಬೇಡ.

ಹಾವೇರಿ_ಸ್ಟುಡಿಯೋ

ಮೂರೂ ಮಂದಿಗೆ ಕೈ ಮುಗಿದೇನ್ರಿ. ₹799 ಆಸೆ ಬಿಟ್ಟೆ, ತಮ್ಮನ ಕಡೆಯಿಂದ 1930ಕ್ಕ ಫೋನ್ ಮಾಡಿಸಿದೆ. ಟೆಕ್ಸ್ಟ್ ಎಂಜಿನ್ ಬದಲು ಮಾಡಿ ಹೊಸಾ ಫೈಲ್ ತಗದೆ, ಒತ್ತು ಕೆಳಗ ಇಳೀತ್ರಿ! ಟ್ರಯಲ್ ಮುಗಿಯೂದ್ರಾಗ ಜಿಂಪ್ ಕಲೀಬೇಕಂತ ಅದನ್ನೂ ವಿಳಾಸ ಟೈಪ್ ಮಾಡೇ ಇಳಿಸಿಕೊಂಡೀನಿ, ಅಕ್ಕಾರು ಕೊಟ್ಟ ಸಾಲು ಪೇಸ್ಟ್ ಮಾಡಿದೆ, ಏಳಕ್ಕ ಏಳೂ ಸರಿ ಬಂತು. ಒಂದ ಡೌಟ್, ನನ್ನ ಹತ್ರ ಹಳೇ ಪತ್ರಿಕಿ ಮ್ಯಾಟರ್ ಎಲ್ಲಾ ನುಡಿ ಆಸ್ಕಿದಾಗ ಅದಾವು, ಹೊಸಾ ಫಾಂಟ್ ಹಚ್ಚಿದ್ರ ಏನೇನೋ ಇಂಗ್ಲಿಷ್ ಚಿಹ್ನಿ ಕಾಣಾಕತ್ತಾವು. ಮತ್ತ ಟೈಪ್ ಮಾಡಬೇಕಾ?

ಅಕ್ಷರದ_ಹುಚ್ಚಿ

ಬೇಡ ಸಾರ್. ಆಸ್ಕಿ ಫಾಂಟಲ್ಲಿ ಒಳಗೆ ಇರೋದು ಇಂಗ್ಲಿಷ್ ಅಕ್ಷರದ ಕೋಡೇ, ಮೇಲೆ ಕನ್ನಡದ ಚಿತ್ರ ತೊಡಿಸಿರ್ತಾರೆ, ಫಾಂಟ್ ಬದಲಾದ್ರೆ ಒಳಗಿರೋದು ಹೊರಗೆ ಬರುತ್ತೆ. ಆಸ್ಕಿಯಿಂದ ಯೂನಿಕೋಡ್‌ಗೆ ತಿರುಗಿಸೋ ಪರಿವರ್ತಕ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತೆ, ಹಾಕಿ ತೆಗೀರಿ. ಆದ್ರೆ ಮ್ಯಾಟರ್ ಮಧ್ಯೆ ಇಂಗ್ಲಿಷ್ ಪದ ಇದ್ರೆ ಅದೂ ಕನ್ನಡ ಅಂತ ತಿಳ್ಕೊಂಡು ಕೆಡಿಸುತ್ತೆ, ಫೋನ್ ನಂಬರ್, ತಾರೀಕು, ಅರ್ಕಾವತ್ತು ಇರೋ ಪದ ಇವನ್ನ ಮೂಲದ ಜೊತೆ ಇಟ್ಟು ಓದಿ ನೋಡಿ.

ಹಾವೇರಿ_ಸ್ಟುಡಿಯೋ

ಆತ್ರಿ ಅಕ್ಕಾರ. ನಿನ್ನೆ ಪ್ರೂಫ್ ತಗದು ಅಪ್ಪಗ ಮತ್ತ ಕೊಟ್ಟೆ. ಕನ್ನಡಕ ಹಾಕ್ಕೊಂಡು ಮೊದಲಿಂದ ಕಡೀತನಕ ಬೆರಳಿಟ್ಟು ಓದಿದ್ರು. ಲಕ್ಷ್ಮೀ ಸರಿ ಐತಿ ಅಂದ್ರು, "ವೆಂಕಟೇಶ್ವರ"ದ ವ ಒತ್ತು ಕೆಳಗಿನ ಸಾಲಿಗೆ ತಾಗ್ತೈತಿ, ಎಳ್ಳಿನಷ್ಟು ಮ್ಯಾಲೆತ್ತು ಅಂದ್ರು. ಎತ್ತೀನಿ. ಇವತ್ತ ಮಧ್ಯಾಹ್ನ ಪ್ರೆಸ್ಸಿಗೆ ಕಳಿಸಿದೆ.